ತುಳುನಾಡಿನ ಅರಸುಮನೆತನಗಳು ಮತ್ತು ಪರಬಲದ ಆಶ್ರಯ

ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ಫಲ್ಗುಣಿ ನದಿಯ ದಂಡೆಯಲ್ಲಿರುವ ಪೊಳಲಿಯು ಇಂದು ರಾಜರಾಜೇಶ್ವರಿಯ ಮೃಣ್ಮಯ ಮೂರ್ತಿಗೂ ತಿಂಗಳ ಕಾಲ ನಡೆಯುವ ಜಾತ್ರೆಯ ಚೆಂಡಿಗೂ ಹೆಸರಾಗಿದೆ. ಈ ಊರಿನ ಸುತ್ತಲಿನ ರಾಜಕೀಯ ಭೂಪಟವನ್ನು ಗಮನಿಸಿದರೆ ಇದರ ಇನ್ನೊಂದು ಮಹತ್ವ ಕಾಣುತ್ತದೆ. ಈಶಾನ್ಯದಲ್ಲಿ ಪುತ್ತಿಗೆ, ಮೂಡುಬಿದಿರೆಗಳ ಚೌಟರು; ಪೂರ್ವದಲ್ಲಿ ಬಂಗಾಡಿಯಿಂದ ಹೊರಟು ನಂದಾವರ, ಮಂಗಳೂರುಗಳವರೆಗೆ ಕೈಚಾಚಿದ ಬಂಗರು; ಅವರಾಚೆ ವೇಣೂರಿನ ಅಜಿಲರು. ಒಂದು ದಿನದ ಕಾಲ್ನಡಿಗೆಯಲ್ಲಿ ಒಬ್ಬ ಅರಸನ ಗಡಿಯಿಂದ ಮತ್ತೊಬ್ಬನ ಗಡಿಗೆ ತಲುಪಬಹುದಾಗಿದ್ದ ಈ ಸೀಮೆಯಲ್ಲಿ ಸ್ವಂತ ಬಲದಿಂದಲೇ ರಾಜ್ಯವನ್ನು ಕಾಯ್ದುಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲ.

ವಿಜಯನಗರದ ಕಾಲದಲ್ಲಿ ಈ ಕೊರತೆ ಅಷ್ಟಾಗಿ ಬಾಧಿಸಲಿಲ್ಲ. ಮಂಗಳೂರು ಮತ್ತು ಬಾರಕೂರುಗಳಲ್ಲಿ ಸಾಮ್ರಾಜ್ಯದ ಅಧಿಕಾರಿಗಳಿದ್ದರು. ಸ್ಥಳೀಯ ಅರಸರು ಕಪ್ಪವನ್ನು ಸಲ್ಲಿಸಿ ತಮ್ಮ ತಮ್ಮ ಸೀಮೆಗಳನ್ನು ಆಳಿಕೊಂಡಿದ್ದರು. 1565ರ ತಾಳಿಕೋಟೆಯ ಸೋಲಿನ ನಂತರ ಆ ಮೇಲುಛತ್ರವು ಮುರಿಯಿತು. ಮೂರೇ ವರ್ಷಗಳಲ್ಲಿ, 1568ರಲ್ಲಿ, ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿದರು. ಇದನ್ನು ಆಕಸ್ಮಿಕವೆನ್ನಲಾಗದು. ಆಮೇಲೆ ಪ್ರತಿಯೊಬ್ಬ ಅರಸನ ಮುಂದೆಯೂ ಒಂದೇ ಪ್ರಶ್ನೆ ನಿಂತಿತು: ಯಾರ ನೆರಳಿನಲ್ಲಿ ಉಳಿಯುವುದು?

ಬಂಗರು ಪೋರ್ಚುಗೀಸರನ್ನು ಆಶ್ರಯಿಸಿದರು. ನೇತ್ರಾವತಿಯ ಆಚೆ ಉಳ್ಳಾಲದಲ್ಲಿದ್ದ ಚೌಟ ಮನೆತನದ ರಾಣಿಯರು ಅವರನ್ನು ಎದುರಿಸಲು ಬೇರೆ ಬೆಂಬಲಗಳನ್ನು ಅರಸಿದರು. ಮೊದಲು ಕಲ್ಲಿಕೋಟೆಯ ಸಾಮೂದಿರಿಯತ್ತ, ಅನಂತರ ಘಟ್ಟದ ಮೇಲಿನ ಕೆಳದಿಯತ್ತ ನೋಡಿದರು. ಅಬ್ಬಕ್ಕ ಎಂಬ ಒಂದೇ ಹೆಸರಿನಡಿಯಲ್ಲಿ ಒಂದಕ್ಕಿಂತ ಹೆಚ್ಚು ರಾಣಿಯರ ಚರಿತ್ರೆ ಬೆರೆತಿರುವುದರಿಂದ ಜನಪದ ಸ್ಮರಣೆಯು ಶೌರ್ಯವನ್ನು ಉಳಿಸಿಕೊಂಡು ರಾಜತಂತ್ರವನ್ನು ಮರೆತಿದೆ. ಸಂಶೋಧಕನಿಗೆ ಎರಡನೆಯದೇ ಹೆಚ್ಚು ಕುತೂಹಲಕರ.

ಈ ರಾಜತಂತ್ರದ ಚಿತ್ರವು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯ ಪತ್ರಗಳಲ್ಲಿ ದೊರೆಯುತ್ತದೆ. ಉಳ್ಳಾಲದ ರಾಣಿಯೂ ಬಂಗರಸನೂ ದಂಪತಿಗಳಾಗಿದ್ದರು. ಅಳಿಯಸಂತಾನದ ಪದ್ಧತಿಯಂತೆ ಅವರವರ ರಾಜ್ಯ ಅವರವರದಾಗಿಯೇ ಉಳಿದಿತ್ತು; ಆದ್ದರಿಂದ ವಿವಾಹವು ಮೈತ್ರಿಯಾಗಿತ್ತೇ ಹೊರತು ವಿಲೀನವಾಗಿರಲಿಲ್ಲ. ವಿರಸವುಂಟಾದಾಗ ರಾಣಿಯು ಪತಿ ಕೊಟ್ಟಿದ್ದ ಆಭರಣಗಳನ್ನು ಹಿಂದಿರುಗಿಸಿ ಸಂಬಂಧವನ್ನು ಕಡಿದುಕೊಂಡಳು. ಬಂಗರಸನು ಅವಳನ್ನು ಉಪಾಯದಿಂದ ಸೆರೆಹಿಡಿದನು. ಅವಳು ಮಾತಿನ ಚಾತುರ್ಯದಿಂದ ಬಿಡಿಸಿಕೊಂಡು ಬಂದು ಹಿರಿಯ ವೆಂಕಟಪ್ಪ ನಾಯಕನ ನೆರವನ್ನು ಬೇಡಿದಳು. ಬಂಗರಸನು ಪೋರ್ಚುಗೀಸರನ್ನು ಕರೆದನು. ಹೀಗೆ ಮನೆಯೊಳಗಿನ ಜಗಳವು ಎರಡು ದೊಡ್ಡ ಶಕ್ತಿಗಳ ಯುದ್ಧವಾಯಿತು. 1618ರ ಸುಮಾರಿಗೆ ನಡೆದ ಕಾಳಗದಲ್ಲಿ ಕೆಳದಿಯ ಸೇನೆ ಗೆದ್ದಿತು. ಬಂಗರ ಕೋಟೆ ನೆಲಸಮವಾಯಿತು; ಅರಸನು ಕಾಸರಗೋಡಿನತ್ತ ತಲೆಮರೆಸಿಕೊಂಡನು.

ಸಮುದ್ರದಲ್ಲಿ ಅಜೇಯರೆನಿಸಿದ್ದ ಪೋರ್ಚುಗೀಸರು ತಮ್ಮ ಮಿತ್ರನನ್ನು ಏಕೆ ಕಾಪಾಡಲಿಲ್ಲ? ಅವರ ಬಲವಿದ್ದದ್ದು ಹಡಗು ಮತ್ತು ಫಿರಂಗಿಗಳಲ್ಲಿ. ನದಿಮುಖದ ಕೋಟೆಯಿಂದ ಬಂದರನ್ನು ಹಿಡಿದಿಡಬಹುದಿತ್ತು, ‘ಕರ್ತಾಸ್’ ಎಂಬ ರಹದಾರಿಯಿಲ್ಲದ ನೌಕೆಗಳನ್ನು ತಡೆಯಬಹುದಿತ್ತು, ಅಕ್ಕಿಯನ್ನು ಕಪ್ಪವಾಗಿ ವಸೂಲು ಮಾಡಬಹುದಿತ್ತು. ಆದರೆ ಬಂಗರ ರಾಜ್ಯವು ನದಿಯ ಮೇಲ್ಮುಖದಲ್ಲಿ, ಘಟ್ಟದ ಬುಡದವರೆಗೆ ಹಬ್ಬಿತ್ತು. ಅಲ್ಲಿಗೆ ದೊಡ್ಡ ಹಡಗು ಏರದು. ಮುಂಗಾರು ಆರಂಭವಾಯಿತೆಂದರೆ ಗೋವೆಯಿಂದ ನೆರವು ಬರುವ ದಾರಿಯೇ ಮುಚ್ಚುತ್ತಿತ್ತು. ಕೆಳದಿಯ ದಂಡಾದರೋ ಘಟ್ಟವನ್ನಿಳಿದು ನೆಲಮಾರ್ಗದಲ್ಲಿಯೇ ಬರುತ್ತಿತ್ತು. ಬಂಗರಿಗೆ ಅಪಾಯವಿದ್ದ ದಿಕ್ಕು ಒಂದು, ಅವರು ನಂಬಿದ್ದ ಕಾವಲಿದ್ದ ದಿಕ್ಕು ಇನ್ನೊಂದು.

ಇದಕ್ಕಿಂತಲೂ ದೊಡ್ಡ ಕಾರಣವು ಮೆಣಸು. ವೆಂಕಟಪ್ಪ ನಾಯಕನ ರಾಜ್ಯದ ಮೆಣಸಿಲ್ಲದೆ ಗೋವೆಯ ವ್ಯಾಪಾರ ನಡೆಯುವಂತಿರಲಿಲ್ಲ. 1622ರಲ್ಲಿ ಪರ್ಷಿಯನ್ನರೂ ಆಂಗ್ಲರೂ ಸೇರಿ ಹೊರ್ಮುಜನ್ನು ಕಿತ್ತುಕೊಂಡಿದ್ದರು. ಡಚ್ಚರ ಕಾಟ ಬೇರೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯು, ಗೋವೆಗೆ ಬಂದಿದ್ದ ಕೆಳದಿಯ ದೂತ ವಿಠಲ ಶೆಣೈಯೊಡನೆ, ಇಕ್ಕೇರಿಗೆ ಹೋದನು. ದೆಲ್ಲಾ ವಾಲೆಯೂ ಜೊತೆಗಿದ್ದನು. ಬಂಗರಸನ ರಾಜ್ಯವನ್ನು ಮರಳಿಸಬೇಕೆಂಬ ಬೇಡಿಕೆಯನ್ನು ರಾಯಭಾರಿಯು ಮುಂದಿಟ್ಟನು, ನಾಯಕನು ಒಪ್ಪಲಿಲ್ಲ. ಮೆಣಸಿನ ಅಗತ್ಯವಿದ್ದ ಪೋರ್ಚುಗೀಸರು ಆ ಮಾತನ್ನು ಯುದ್ಧದವರೆಗೆ ಎಳೆಯಲಿಲ್ಲ. ಬಲಿಷ್ಠ ಮಿತ್ರನಿಗೆ ಕಿರಿಯ ಮಿತ್ರನ ರಕ್ಷಣೆಯು ಹಲವು ಲೆಕ್ಕಗಳಲ್ಲಿ ಒಂದು ಲೆಕ್ಕ ಮಾತ್ರವೆಂಬುದನ್ನು ಬಂಗರಸನು ತಡವಾಗಿ ಅರಿತಿರಬೇಕು.

ಅದೇ ವರ್ಷದ ಕೊನೆಯಲ್ಲಿ ದೆಲ್ಲಾ ವಾಲೆಯು ರಾಣಿಯನ್ನು ಕಂಡದ್ದು ಮಣೇಲಿನಲ್ಲಿ. ಫಲ್ಗುಣಿಯ ತೀರದ, ಪೊಳಲಿಗೆ ಸಮೀಪದ ಮಳಲಿಯ ಬಳಿಯಿರುವ ಊರು ಅದು. ಬರಿಗಾಲಿನಲ್ಲಿ, ಸರಳವಾದ ಉಡುಗೆಯಲ್ಲಿ, ಅವಳು ಹೊಲಗಳಿಗೆ ನೀರು ಹರಿಸುವ ಕಾಲುವೆಯ ಕೆಲಸವನ್ನು ನೋಡಲು ಹೊರಟಿದ್ದಳು. ನೋಟಕ್ಕೆ ರಾಣಿಯಂತೆ ಕಾಣದಿದ್ದರೂ ಮಾತಿನಲ್ಲಿ ಅವಳ ವಿವೇಕ ಪ್ರಕಟವಾಯಿತೆಂದು ಪ್ರವಾಸಿಯು ಬರೆದಿದ್ದಾನೆ. ಗೆದ್ದ ಪಕ್ಷದಲ್ಲಿದ್ದ ಅವಳ ಬೇಸಾಯ, ಆಡಳಿತಗಳು ನಡೆದಿದ್ದವು ಎಂಬುದಕ್ಕೆ ಈ ಕಾಲುವೆಯೇ ಸಾಕ್ಷಿ. ಅವಳ ಆಯ್ಕೆಯು ಬಂಗರಸನದಕ್ಕಿಂತ ವಿವೇಕಯುತವಾಗಿತ್ತು ಎನ್ನಲು ಅಡ್ಡಿಯಿಲ್ಲ.

ಆದರೆ ಹತ್ತಿರದ ಮಿತ್ರನು ಹತ್ತಿರದ ಒಡೆಯನೂ ಆಗಬಲ್ಲನು. ಮುಂದೆ ಶಿವಪ್ಪ ನಾಯಕನು 1652-54ರ ಅವಧಿಯಲ್ಲಿ ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. ಕರಾವಳಿಯಲ್ಲಿ ಒಬ್ಬರ ವಿರುದ್ಧ ಇನ್ನೊಬ್ಬರನ್ನು ನಿಲ್ಲಿಸಿ ಬದುಕುವ ಅವಕಾಶವು ಸಣ್ಣ ಅರಸರಿಗೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಪೊಳಲಿಯ ದೇವಾಲಯಕ್ಕೆ ಕೆಳದಿಯ ಚೆನ್ನಮ್ಮಾಜಿಯು ರಥವನ್ನು ಅರ್ಪಿಸಿದಳೆಂಬ ಪ್ರತೀತಿಯಲ್ಲಿಯೂ ಘಟ್ಟದ ಮೇಲಿನ ಪ್ರಭುತ್ವದ ನೆನಪು ಉಳಿದಿದೆ.

1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಕೆಳದಿಯ ನೆರಳೂ ಸರಿಯಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರಿನ ಒಡೆಯರು ಸಹಾಯಕ ಸೈನ್ಯ ಪದ್ಧತಿಗೆ ಒಳಪಟ್ಟು, ಕಂಪನಿಯ ಸೇನೆಗಾಗಿ ವರ್ಷಕ್ಕೆ 7 ಲಕ್ಷ ವರಾಹಗಳನ್ನು ತೆರಬೇಕಾಯಿತು. ಆಡಳಿತ ಸರಿಯಿಲ್ಲವೆಂಬ ನೆಪದಲ್ಲಿ 1831ರಲ್ಲಿ ಅದೇ ಕಂಪನಿಯು ಆಳ್ವಿಕೆಯನ್ನೂ ತೆಗೆದುಕೊಂಡಿತು. ಕರಾವಳಿಯು ನೇರವಾಗಿ ಕಂಪನಿಯ ಜಿಲ್ಲೆಯಾದದ್ದರಿಂದ ಇಲ್ಲಿಯ ಮನೆತನಗಳಿಗೆ ಅಂಥ ಒಪ್ಪಂದದ ಗೌರವವೂ ದೊರೆಯಲಿಲ್ಲ. ಚೌಟರ ವಂಶಸ್ಥರಿಗೆ ಅಲ್ಪ ಪಿಂಚಣಿಯಷ್ಟೇ ಉಳಿಯಿತು. ನವನಾರೀಕುಂಜರ, ಪಂಚನಾರೀತುರಗಗಳನ್ನು ಕೆತ್ತಿದ ಮರದ ಕಂಬಗಳನ್ನುಳ್ಳ ಅವರ ಅರಮನೆಯು ಮೂಡುಬಿದಿರೆಯಲ್ಲಿ ಇಂದಿಗೂ ಇದೆ.