ಭಾಷಣಕ್ಕೂ ಅರ್ಜಿ ಹಾಕಬೇಕು ಸ್ವಾಮಿ!

ನಮ್ಮ ಕಡೆ ಸಭೆ ಅಂದರೆ ಅದಕ್ಕೊಂದು ಪದ್ಧತಿ ಉಂಟು. ಸಂಘದವರು ನಾಲ್ಕು ಜನ ಕಾರು ಮಾಡಿಕೊಂಡು ಹೋಗಿ, ‘ತಾವು ಬರಲೇಬೇಕು’ ಎಂದು ಕೈಮುಗಿದು ಭಾಷಣಕಾರರನ್ನು ಒಪ್ಪಿಸುತ್ತಾರೆ. ಬಂದವರು ಹಾರ ಹಾಕಿಸಿಕೊಂಡು, ಇವತ್ತಿನ ವಿಷಯ ಯಾವುದೆಂದು ಪಕ್ಕದವರನ್ನು ಕೇಳಿಕೊಂಡು, ಒಂದು ತಾಸು ಮಾತಾಡಿ ಹೋಗುತ್ತಾರೆ.

ಡಿಸೈನ್ ಸಮ್ಮೇಳನಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಅಲ್ಲಿ ಹೆಚ್ಚಿನ ಪಾಲು ಭಾಷಣಕಾರರು ತಾವೇ ಅರ್ಜಿ ಹಾಕಬೇಕು. ಏನು ಹೇಳುತ್ತೇನೆ, ಅದರಿಂದ ಯಾರಿಗೆ ಉಪಯೋಗ ಎಂಬುದನ್ನು ಒಂದು ಪುಟದೊಳಗೆ ಬರೆದು ತಿಂಗಳುಗಟ್ಟಲೆ ಮೊದಲೇ ಕಳಿಸಬೇಕು. ಹಿಡಿಸಿದರೆ ವೇದಿಕೆ. ಇಲ್ಲವೋ, ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲು!

ಡಿಸೈನ್ ಅಂದರೆ ಸೀರೆಯ ಅಂಚು, ಬಂಗಾರದ ಬಳೆ ಅಂತ ತಿಳಿದವರೇ ಹೆಚ್ಚು. ಅಂಗಡಿಯ ನಾಮಫಲಕ, ಬಸ್ಸಿನ ಹಣೆಯ ಬೋರ್ಡು, ನಿಲ್ದಾಣದ ಬೆಂಚು, ಟಿಕೆಟ್ಟಿನ ಮೇಲಿನ ಅಕ್ಷರ ಎಲ್ಲವೂ ಡಿಸೈನೇ. ಇಂಥದ್ದನ್ನು ಚರ್ಚಿಸುವ ಸಮ್ಮೇಳನಗಳು ದೂರದ ಮಾತೂ ಅಲ್ಲ. ಡಿಸೈನ್ ಸಂಶೋಧನೆಯ ಅಂತಾರಾಷ್ಟ್ರೀಯ ಸಮ್ಮೇಳನವೊಂದು 2006ರಲ್ಲಿ ಶುರುವಾದದ್ದೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಅಕ್ಷರ ವಿನ್ಯಾಸಕ್ಕೆಂದೇ ಮುಂಬಯಿ ಐಐಟಿಯವರು 2008ರಲ್ಲಿ ಆರಂಭಿಸಿದ ‘ಟೈಪೋಗ್ರಫಿ ಡೇ’ 2016ರಲ್ಲಿ ಬೆಂಗಳೂರಿಗೂ ಬಂದಿತ್ತು.

ಯಾರ ಮಾತು, ಯಾರ ಬೋರ್ಡು?

ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿ ಆಯಿತು. ವರ್ತಕರು ಬೋರ್ಡು ಬದಲಾಯಿಸಿದರು. ಕನ್ನಡದ ಪಾಲೆಷ್ಟು ಅನ್ನುವುದು ಗೊತ್ತಾಯಿತು. ಆದರೆ ರಸ್ತೆಯ ಆಚೆ ಬದಿಯಿಂದ ಅದು ಓದಲು ಬರುತ್ತದೆಯೇ? ಇದರ ಗುಟ್ಟು ಬಲ್ಲವರು ಬೋರ್ಡು ಬರೆಯುವ ಪೇಂಟರುಗಳು. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬಿಡದಿದ್ದರೆ ಅಕ್ಷರ ಕುಬ್ಜವಾಗುತ್ತದೆ. ಕುಂಚ ದಪ್ಪವಾದರೆ ‘ಪ’ಕ್ಕೂ ‘ಷ’ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಇಷ್ಟು ತಿಳಿದವರ ಮಾತು ಯಾವ ವೇದಿಕೆಯನ್ನೂ ಏರದಿರಲು ದೊಡ್ಡ ಕಾರಣ ಆ ಒಂದು ಪುಟದ ಅರ್ಜಿ. ಕೆಲಸ ಬಲ್ಲವನಿಗೆ ಅರ್ಜಿ ಬರೆಯಲು ಬಾರದು. ಅರ್ಜಿ ಬಲ್ಲವನಿಗೆ ಕೆಲಸ ಬಾರದು. ಕೊನೆಗೆ ಅಲ್ಲಿ ಮಾತಾಡುವವನು ಎರಡನೆಯವನೇ!

ಎಡವುವುದು ಎಲ್ಲಿ?

‘ಕನ್ನಡ ಲಿಪಿಯ ಸೊಬಗು: ಅಂದು, ಇಂದು, ಮುಂದು’ ಎಂದು ಒಬ್ಬ ಬರೆದ ಅನ್ನಿ. ಆರಿಸುವವರ ಮುಂದೆ ಅರ್ಜಿಗಳ ರಾಶಿಯೇ ಇರುತ್ತದೆ. ಯಾರು ಬೇಕಾದರೂ ಬರೆಯಬಹುದಾದ ಈ ಹಾಳೆಯನ್ನು ಅವರು ಪಕ್ಕಕ್ಕಿಡುತ್ತಾರೆ. ಇನ್ನೊಬ್ಬ ತನಗೆ ಬಂದ ಸನ್ಮಾನಗಳ ಪಟ್ಟಿಯಿಂದಲೇ ಪುಟ ತುಂಬಿಸುತ್ತಾನೆ. ಎಷ್ಟೋ ಸಮ್ಮೇಳನಗಳಲ್ಲಿ ಬರೆದವರ ಹೆಸರನ್ನು ಮುಚ್ಚಿಟ್ಟೇ ಅರ್ಜಿ ಓದುವುದರಿಂದ ಬಿರುದಾವಳಿ ಅಲ್ಲಿ ನೀರಲ್ಲಿ ಹೋಮ. ಮೂರನೆಯವನು, ‘ಪರಿಹಾರವನ್ನು ವೇದಿಕೆಯಲ್ಲೇ ಹೇಳುತ್ತೇನೆ’ ಎಂದು ಗುಟ್ಟು ಮಾಡುತ್ತಾನೆ. ಇದೇನು ಪತ್ತೇದಾರಿ ಸಿನಿಮಾನಾ? ಆರಿಸುವವರಿಗೆ ಕ್ಲೈಮ್ಯಾಕ್ಸ್ ಮೊದಲೇ ಗೊತ್ತಾಗಬೇಕು. ನಾಲ್ಕನೆಯವನು ತನ್ನ ಕಂಪನಿಯ ಮಾಲನ್ನು ಹೊಗಳುತ್ತಾನೆ. ಅದು ಜಾಹೀರಾತು, ಭಾಷಣವಲ್ಲ.

ಅದೇ ವಿಷಯವನ್ನು ಹೀಗೆ ಬರೆದರೆ? ‘ಸಂಜೆ ಏಳರ ಮೇಲೆ ಬಸ್ಸಿನ ಬೋರ್ಡಿನ ಒತ್ತಕ್ಷರ ಯಾಕೆ ಕಾಣುವುದಿಲ್ಲ?’ ಇದು ಹೆಸರು. ಕೆಳಗೆ ಆರೇ ಸಂಗತಿ: ತೊಂದರೆ ಏನು, ನಿಲ್ದಾಣದಲ್ಲಿ ನಿಂತು ಎಷ್ಟು ಬೋರ್ಡು ನೋಡಿದ್ದು, ಎಷ್ಟು ಪ್ರಯಾಣಿಕರಿಂದ ಓದಿಸಿದ್ದು, ಯಾವ ಅಕ್ಷರ ತಪ್ಪಿದ್ದು, ಜಾಗ ಬಿಟ್ಟು ಮತ್ತೆ ಬರೆದಾಗ ಏನಾಯಿತು, ಕೇಳಲು ಬಂದವರು ತಮ್ಮೂರಿಗೆ ಯಾವ ಅಳತೆ ಒಯ್ಯಬಹುದು. ಇಪ್ಪತ್ತು ನಿಮಿಷದ ಮಾತಿಗೆ ಇದೊಂದೇ ವಿಷಯ ಸಾಕು. ಹತ್ತು ಹೇಳಲು ಹೋದರೆ ಒಂದೂ ನಿಲ್ಲದು.

ಸಣ್ಣ ವಿಷಯ ಅಂತ ಸಂಕೋಚವೂ ಬೇಡ. 1958ರಲ್ಲಿ ಭಾರತ ಸರಕಾರಕ್ಕೆ ಡಿಸೈನ್ ಕುರಿತು ವರದಿ ಕೊಟ್ಟ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಅದರಲ್ಲಿ ಬಹುವಾಗಿ ಮೆಚ್ಚಿ ಬರೆದದ್ದು ನಮ್ಮ ಚೆಂಬನ್ನು! ಎಷ್ಟು ನೀರು ಹಿಡಿಯಬೇಕು, ಹೊರುವುದು ತಲೆ ಮೇಲೋ ಸೊಂಟದ ಮೇಲೋ, ಸುರಿಯುವುದು ಹೇಗೆ, ತೊಳೆಯುವುದು ಹೇಗೆ, ಬೆಲೆ ಎಷ್ಟು ಎಂದು ಒಂದೊಂದಾಗಿ ಪ್ರಶ್ನೆ ಹಾಕಿದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಚೆಂಬಿಗೆ ಅಷ್ಟು ಬೆಲೆ ಸಿಕ್ಕಮೇಲೆ ಬಸ್ಸಿನ ಬೋರ್ಡು ಏನು ಕಮ್ಮಿ?

ಕಳಿಸುವ ಮುನ್ನ

ಆಹ್ವಾನದ ಪ್ರಕಟಣೆಯನ್ನು ಎರಡು ಸಲ ಓದಬೇಕು. ಆ ವರ್ಷದ ವಿಷಯ ಯಾವುದು, ಎಷ್ಟು ಪದ, ಕೊನೇ ತಾರೀಖು ಯಾವಾಗ ಅನ್ನುವುದು ಅದರಲ್ಲೇ ಇರುತ್ತದೆ. ಮುನ್ನೂರು ಪದ ಕೇಳಿದ ಕಡೆ ಆರುನೂರು ತುರುಕುವುದು ಹೆಚ್ಚುವರಿ ಭಕ್ತಿಯಲ್ಲ, ಅವಿಧೇಯತೆ. ಸಾಮಾನ್ಯವಾಗಿ ಅರ್ಜಿ ಇಂಗ್ಲಿಷಿನಲ್ಲಿರಬೇಕು. ಮೇಷ್ಟರ ಹತ್ತಿರ ಭಾಷೆ ತಿದ್ದಿಸಿಕೊಳ್ಳಿ, ಸರಕು ಮಾತ್ರ ನಿಮ್ಮದೇ ಇರಲಿ. ಬರೆದದ್ದನ್ನು ಪಕ್ಕದ ಕಿರಾಣಿ ಅಂಗಡಿ ಅಣ್ಣನಿಗೆ ಓದಿ ಹೇಳಿ. ‘ಏನಪ್ಪಾ ನೀ ಹೇಳೋದು?’ ಅಂತ ಅವರು ಕೇಳಿದರೆ ತಿರುಗಿ ಬರೆಯಬೇಕು.

ಖರ್ಚಿನ ಮಾತನ್ನೂ ಮೊದಲೇ ಕೇಳಿಕೊಳ್ಳುವುದು ಲೇಸು. ಆಯ್ಕೆಯಾದ ಮಾತ್ರಕ್ಕೆ ಎಲ್ಲಾ ಕಡೆ ಬಸ್ ಚಾರ್ಜು ಸಿಗುವುದಿಲ್ಲ. ಎಷ್ಟೋ ಕಡೆ ಭಾಷಣಕಾರನೇ ನೋಂದಣಿ ಶುಲ್ಕ ಕಟ್ಟಬೇಕು.

ಒಮ್ಮೆ ತಿರಸ್ಕಾರವಾದರೆ ಮುಖ ಸಪ್ಪೆ ಮಾಡಿಕೊಳ್ಳುವುದೂ ಬೇಡ. ಕಾರಣ ಬರೆದು ಕಳಿಸಿದ್ದರೆ ಅದನ್ನು ನೋಡಿ ತಿದ್ದಿ, ಮುಂದಿನ ಸಲ ಹಾಕಬಹುದು. ಊರ ತುಂಬ ಬೋರ್ಡು ಬರೆದ ಕೈ ಒಂದು ಹಾಳೆ ಬರೆಯಲಾರದೇ?