ಹಲ್ಲುನೋವಲ್ಲದ ಹಲ್ಲುನೋವು

ಕಳೆದ ರಂಜಾನ್‌ನಲ್ಲಿ ಒಂದು ದಿನ ಸಹರಿಯ ಹೊತ್ತಿಗೆ ನಮ್ಮ ನಾನಿ ಎಡಗೆನ್ನೆ ಹಿಡಿದುಕೊಂಡು ಕೂತಿದ್ದರು. ಮೇಲಿನ ದವಡೆಹಲ್ಲು ಕರೆಂಟ್ ಹೊಡೆದ ಹಾಗೆ ಸಿಡಿಯುತ್ತಿದೆ ಎಂದರು. ದಂತವೈದ್ಯರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಎಕ್ಸ್‌ರೇಯಲ್ಲಿ ಹುಳುಕು ಕಾಣಲಿಲ್ಲ. ಆದರೂ ನಾನಿ ‘ಕಿತ್ತುಬಿಡಿ’ ಎಂದು ಹಟ ಹಿಡಿದರು, ನಾನೂ ಹೂಂ ಎಂದೆ. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಮೂರನೆಯ ದಿನ ಎಡಗೆನ್ನೆಯ ಮೇಲೆ ನೀರುಗುಳ್ಳೆಗಳು ಗುಂಪಾಗಿ ಎದ್ದವು. ಬಾಯಿ ತೆರೆಸಿ ನೋಡಿದರೆ ಅಂಗುಳಿನ ಎಡಭಾಗದಲ್ಲಿ ಮಾತ್ರ ಹುಣ್ಣು, ಬಲಭಾಗ ನುಣ್ಣಗಿತ್ತು. ಅದು ಸರ್ಪಸುತ್ತು.

ಚಿಕನ್‌ಪಾಕ್ಸ್ ತರುವ ವ್ಯಾರಿಸೆಲ್ಲಾ-ಜೋಸ್ಟರ್ ವೈರಸ್ಸೇ ಇದಕ್ಕೂ ಕಾರಣ. ಚಿಕನ್‌ಪಾಕ್ಸ್ ವಾಸಿಯಾದರೂ ವೈರಸ್ ಹೊರಟುಹೋಗುವುದಿಲ್ಲ. ನರದ ಬುಡದಲ್ಲಿರುವ ನರಕೋಶಗಳ ಗಂಟಿನಲ್ಲಿ ಹತ್ತಾರು ವರ್ಷ ಸುಮ್ಮನೆ ಮಲಗಿರುತ್ತದೆ. ವಯಸ್ಸಾಗಿಯೋ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು, ಅದೇ ನರದ ಗುಂಟ ಚರ್ಮಕ್ಕೆ ಇಳಿದುಬರುತ್ತದೆ.

ಮುಖದ ಸ್ಪರ್ಶ, ನೋವುಗಳನ್ನು ಮೆದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ನರ. ಇದಕ್ಕೆ ಮೂರು ಕವಲು. ಮೊದಲನೆಯದು ಹಣೆ ಮತ್ತು ಕಣ್ಣಿಗೆ, ಎರಡನೆಯದು ಕೆನ್ನೆ, ಅಂಗುಳು, ಮೇಲಿನ ಹಲ್ಲುಗಳಿಗೆ, ಮೂರನೆಯದು ನಾಲಗೆ ಮತ್ತು ಕೆಳಗಿನ ಹಲ್ಲುಗಳಿಗೆ. ಗುಳ್ಳೆ ಏಳುವ ಕೆಲವು ದಿನ ಮೊದಲೇ ನರ ಉರಿಯತೊಡಗುತ್ತದೆ. ಆ ನೋವು ಹಲ್ಲಿನದೇ ಎಂದು ಮೆದುಳು ತಿಳಿಯುತ್ತದೆ. ಆ ಹಂತದಲ್ಲಿ ಇದನ್ನು ಗುರುತಿಸುವುದು ವೈದ್ಯರಿಗೂ ಕಷ್ಟ.

ಎಡಬಲಗಳಿಗೆ ಬೇರೆಬೇರೆ ನರಗಳಿರುವುದರಿಂದ ಗುಳ್ಳೆ ಸಾಮಾನ್ಯವಾಗಿ ಮುಖದ ನಡುಗೆರೆಯನ್ನು ದಾಟುವುದಿಲ್ಲ. ಸರ್ಪದ ತಲೆ ಬಾಲ ಸೇರಿದರೆ ಜೀವಕ್ಕೆ ಅಪಾಯ ಎಂದು ನೆರೆಮನೆಯವರು ಹೆದರಿಸಿ, ಕೆಮ್ಮಣ್ಣು ತಂದು ಹಚ್ಚಿದರು. ಅದರಲ್ಲೇ ಒಂದು ದಿನ ಕಳೆಯಿತು. ಗುಳ್ಳೆ ಕಂಡ 72 ಗಂಟೆಯೊಳಗೆ ಅಸೈಕ್ಲೋವಿರ್‌ನಂಥ ಮಾತ್ರೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ದಿನಕ್ಕೆ ಐದು ಸಲ ನುಂಗಬೇಕಾದ ಮಾತ್ರೆಯದು. ರೋಜಾ ಬಿಡಲು ನಾನಿ ಒಪ್ಪಲೇ ಇಲ್ಲ. ಕಾಯಿಲೆಯವರು ಬಿಟ್ಟ ರೋಜಾಗಳನ್ನು ಆಮೇಲೆ ತೀರಿಸಬಹುದೆಂದು ಮಾಮು ಕೂತು ಹೇಳಿದ ಮೇಲೆ ಬಾಯಿ ತೆರೆದರು.

ಗುಳ್ಳೆಗಳೇನೋ ಕೆಲವು ವಾರಗಳಲ್ಲಿ ಒಣಗುತ್ತವೆ. ಆದರೆ ಹಲ್ಲಿನ ಒಳಗಿನ ಜೀವಂತ ತಿರುಳು ತಿಂಗಳುಗಳ ನಂತರವೂ ಸಾಯಬಹುದು. ನರದ ಜೊತೆಗಿರುವ ರಕ್ತನಾಳಗಳಿಗೂ ಪೆಟ್ಟು ಬೀಳುವುದು ಇದಕ್ಕೆ ಕಾರಣವಿರಬಹುದು ಎನ್ನುತ್ತಾರೆ. ಹುಳುಕೇ ಇಲ್ಲದ ಹಲ್ಲು ಕಪ್ಪಾಗಿ, ಬೇರಿನಲ್ಲಿ ಕೀವು ಕಟ್ಟುತ್ತದೆ. ಅಪರೂಪಕ್ಕೆ ದವಡೆಯ ಮೂಳೆಯೇ ಸತ್ತು, ಹಲ್ಲುಗಳು ತಾವಾಗಿ ಉದುರಿದ್ದೂ ಉಂಟು. ಆದ್ದರಿಂದ ಮುಖಕ್ಕೆ ಸರ್ಪಸುತ್ತು ಬಂದವರು ವಾಸಿಯಾದ ಮೇಲೂ ಹಲ್ಲು ತೋರಿಸುತ್ತಿರಬೇಕು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರಂತೂ ತಡಮಾಡದೆ ಕಣ್ಣಿನ ವೈದ್ಯರ ಬಳಿ ಓಡಬೇಕು. ಗುಳ್ಳೆಯ ನೀರು ತಾಕಿದರೆ, ಚಿಕನ್‌ಪಾಕ್ಸ್ ಬಾರದವರಿಗೆ ಚಿಕನ್‌ಪಾಕ್ಸ್ ಬರುತ್ತದೆ. ಅದಕ್ಕೇ ಮಾಮುವಿನ ಮಗುವನ್ನು ದೂರ ಇಟ್ಟಿದ್ದೆವು. 50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ ಈಗ ನಮ್ಮ ದೇಶದಲ್ಲೂ ಸಿಗುತ್ತದೆ, ಬೆಲೆ ಮಾತ್ರ ದುಬಾರಿ.

ನಾಲ್ಕು ತಿಂಗಳಾದ ಮೇಲೆ ನಾನಿಯ ಪಕ್ಕದ ಹಲ್ಲೂ ಕಪ್ಪಾಯಿತು. ಈ ಸಲ ಕೀಳಿಸಲಿಲ್ಲ, ರೂಟ್ ಕೆನಾಲ್ ಮಾಡಿಸಿದೆವು. ನರದ ನೋವು ಇನ್ನೂ ಇದೆ. ವುಜೂ ಮಾಡುವಾಗ ಬಲಗೆನ್ನೆಗೆ ನೀರು ಎರಚಿಕೊಳ್ಳುತ್ತಾರೆ, ಎಡಗೆನ್ನೆಗೆ ಒದ್ದೆ ಕೈಯನ್ನು ಮೆಲ್ಲಗೆ ಸವರಿಕೊಳ್ಳುತ್ತಾರೆ.