ಟಿಕೆಟ್‌ಗಿಂತ ಮೊದಲು ಟೇಪು

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೊರಟಿದ್ದೀರಾ?
ಹಾಗಾದ್ರೆ ಹೇಳಿ, ನಿಮ್ಮ ಮಗು ಎಷ್ಟು ಎತ್ತರ?

ವಯಸ್ಸಲ್ಲ. ಎತ್ತರ!

ಟ್ರಾನ್ಸ್‌ಫಾರ್ಮರ್ಸ್ ರೈಡ್‌ಗೆ,
ದೊಡ್ಡವರು ಜೊತೆಗಿದ್ರೂ,
102 ಸೆಂಟಿಮೀಟರ್ ಬೇಕೇ ಬೇಕು.
ಮಮ್ಮಿ ರೈಡ್‌ಗೆ 122.

ಅಷ್ಟುದ್ದ ಕ್ಯೂ ನಿಂತು,
ಬಾಗಿಲಲ್ಲಿ ವಾಪಸ್ ಬಂದ ಮಗುವಿನ ಮುಖ
ನೋಡೋಕಾಗಲ್ಲ.
ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಬಿಡಿ.

ಪಾರ್ಕ್ ಇರೋದು ಸೆಂಟೋಸಾ ದ್ವೀಪದಲ್ಲಿ.
ಕೆರೆ ಸುತ್ತ ಊರು ಕಟ್ಟಿದ ಹಾಗೆ,
ನಡುವೆ ನೀರು, ಸುತ್ತ ಆಟ.
ಒಂದು ದಿನ ಸಾಕು.

ಆದ್ರೆ ಆಕಾಶ ನೋಡ್ಕೊಳ್ಳಿ.
ಸಮಭಾಜಕ ವೃತ್ತದ ಹತ್ತಿರದ ಊರು ಅದು.
ಮಧ್ಯಾಹ್ನ ದಿಢೀರ್ ಮಳೆ ಬರುತ್ತೆ.
ಸಿಡಿಲು ಬಂದ್ರೆ ಬಯಲಿನ ರೈಡ್ ನಿಲ್ಲಿಸ್ತಾರೆ.
ಹಾಗಾಗಿ ರೋಲರ್ ಕೋಸ್ಟರ್ ಬೆಳಗ್ಗೆ,
ಸೂರಿನಡಿಯ ಆಟ ಆಮೇಲೆ.

ಅಲ್ಲಿನ ಗಡಿಯಾರ ನಮಗಿಂತ
ಎರಡೂವರೆ ಗಂಟೆ ಮುಂದೆ.
ಅಲ್ಲಿ ಬೆಳಗ್ಗೆ ಹತ್ತು ಅಂದ್ರೆ,
ಮಕ್ಕಳ ಹೊಟ್ಟೆಗೆ ಇನ್ನೂ ಏಳೂವರೆ!
ರಾತ್ರಿ ವಿಮಾನ ಇಳಿದ ದಿನವೇ
ಪಾರ್ಕ್‌ಗೆ ಎಳ್ಕೊಂಡು ಹೋಗ್ಬೇಡಿ, ದಯವಿಟ್ಟು.
ಪಾಪ, ಕ್ಯೂನಲ್ಲೇ ನಿದ್ದೆ ಮಾಡ್ತಾರೆ.

ವೀಸಾ ಮೊದಲೇ ಮಾಡಿಸಿ.
ಅದರ ಜೊತೆ, ತಲುಪೋ ಮುಂಚಿನ ಮೂರು ದಿನದೊಳಗೆ
ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬಿ.
ಅದು ಉಚಿತ.
ದುಡ್ಡು ಕೇಳಿದ್ರೆ,
ಅದು ಸರ್ಕಾರದ ವೆಬ್‌ಸೈಟ್ ಅಲ್ಲ!